ಮೇಲ್ಬೀದಿಯವರು ಬೀಗರಾದದ್ದು

2024ರ ಅಕ್ಟೋಬರ್ 21, ಸೋಮವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗೋಪಿನಾಥ್ ಸ್ಕೂಟರಿನ ಸಮೇತ ಕೆಳಬೀದಿಯ ತಿರುವಿನ ಕೊಚ್ಚೆ ನೀರಿನಲ್ಲಿ ಕೂತ. ಬಿದ್ದ ಎಂದರೆ ಅವನು ಒಪ್ಪುತ್ತಿರಲಿಲ್ಲ. ಆ ಕ್ಷಣದಲ್ಲಿ ಗಾಡಿಯ ವೇಗ ಸೊನ್ನೆಯಾಗಿತ್ತು, ಚಲನೆಯಿಲ್ಲದ ವಸ್ತು ಬೀಳುವುದಿಲ್ಲ, ನೆಲೆಗೊಳ್ಳುತ್ತದೆ ಎಂಬುದು ಅವನ ವಾದ. ಹೊಸೂರಿನ ಒಂದು ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದವನು ಇಂಥ ವ್ಯತ್ಯಾಸಗಳನ್ನು ಬಿಟ್ಟುಕೊಡುವ ಹಾಗಿರಲಿಲ್ಲ.

ಮುಖ್ಯರಸ್ತೆಯಲ್ಲಿ ಹತ್ತಿಸಿಕೊಳ್ಳುವ ಕಂಪನಿ ಬಸ್ಸಿನ ಡ್ರೈವರ್ ಮಾತ್ರ ಇಷ್ಟು ಸೂಕ್ಷ್ಮದ ಮನುಷ್ಯನಲ್ಲ. "ಎನ್ನ ಸಾರ್, ರಾತ್ರಿ ಎಮ್ಮೆ ಜೊತೆ ಮಲಗಿದ್ರಾ?" ಎಂದು ಕೇಳಿ, ಗೋಪಿನಾಥನನ್ನು ಫ್ಯಾಕ್ಟರಿ ಗೇಟಿನವರೆಗೂ ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿಕೊಂಡೇ ಬಂದ.

ಸಂಜೆ ಮನೆಗೆ ಬಂದರೆ ಅಕ್ಕಿ ಮೂಟೆ ಮಂಚದ ಮೇಲಿತ್ತು, ಮಿಕ್ಸಿ ಟಿವಿಯ ಮೇಲಿತ್ತು, ಹೆಂಡತಿ ಮಾಲಿನಿ ಕೈಯಲ್ಲಿ ಪೊರಕೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಗಡಿ ಕಾಯುವವಳಂತೆ ನಿಂತಿದ್ದಳು.

"ಅಟ್ಟಿಬೆಲೇಲಿ ಒಂದು ಮನೆ ನೋಡ್ಕೊಂಡು ಬಂದಿದೀನಿ. ಮೊದಲನೇ ಮಹಡಿ," ಎಂದಳು. "ಮುಂದಿನ ವರ್ಷದ ಮಳೆಗೆ ಈ ಅಡುಗೆಮನೆಯೊಳಗೆ ಒಂದು ತೊಟ್ಟು ನೀರು ಬಂದರೂ ನಾನು ಅಲ್ಲಿರ್ತೀನಿ. ನೀವು ಇಲ್ಲೇ ಕೂತು ಆಳ ಅಳೀತಾ ಇರಿ."

ಗೋಪಿನಾಥ್ ಅರಸೀಕೆರೆ ಕಡೆಯಿಂದ ಬಂದು ಹನ್ನೊಂದು ವರ್ಷ ದುಡಿದು, ಭವಿಷ್ಯನಿಧಿಯನ್ನೆಲ್ಲ ಸುರಿದು ಕಟ್ಟಿದ ಮನೆ ಅದು. ನೀರು ನಿಲ್ಲುವ ಮನೆಯನ್ನು ಕೊಳ್ಳುವವರೂ ಇರಲಿಲ್ಲ, ಬಾಡಿಗೆಗೆ ಬರುವವರೂ ಇರಲಿಲ್ಲ. ಕಪ್ಪೆಗಳು ಬರುತ್ತಿದ್ದವು, ಆದರೆ ಅವು ಮುಂಗಡ ಕೊಡುತ್ತಿರಲಿಲ್ಲ.

ಊರಿನ ಭೂಗೋಳ ಸರಳವಾಗಿತ್ತು. ರಾಯಕೋಟೆ ರಸ್ತೆಯಿಂದ ಉದ್ದನಪಲ್ಲಿಯ ಕಡೆಗೆ ಒಳಕ್ಕೆ ತಿರುಗಿದರೆ ದಿಬ್ಬದ ಮೇಲೆ ಹಳೇ ಊರು, ಅದು ಮೇಲ್ಬೀದಿ. ದಿಬ್ಬದ ಕೆಳಗೆ ರುಕ್ಮಿಣಮ್ಮನ ರಾಗಿ ಹೊಲ ಸೈಟುಗಳಾಗಿ, ಕಾರ್ಖಾನೆಯವರು ಮನೆ ಕಟ್ಟಿಕೊಂಡು ಆದ ಬಡಾವಣೆ, ಅದು ಕೆಳಬೀದಿ. ರುಕ್ಮಿಣಮ್ಮ ಒಂದು ಮೂಲೆ ಸೈಟು ತನಗೇ ಉಳಿಸಿಕೊಂಡು ಅಲ್ಲೇ ಇದ್ದಳು. ಮೇಲ್ಬೀದಿಯ ಸ್ನಾನ, ಪಾತ್ರೆ, ಬಟ್ಟೆ ಮತ್ತು ಶ್ಯಾಮಣ್ಣನ ಎಂಟು ಹಸುಗಳ ನೀರು ಯಾರ ಅಪ್ಪಣೆಯನ್ನೂ ಕೇಳದೆ ಕೆಳಬೀದಿಗೆ ಬಂದು ನಿಲ್ಲುತ್ತಿತ್ತು.

ಗೋಪಿನಾಥ್ ಪಂಚಾಯಿತಿ ಎಂಜಿನಿಯರ್ ಅರುಣ್‌ಕುಮಾರ್ ಬಳಿಗೆ ಹೋದ. ಎಂಜಿನಿಯರ್ ಒಳ್ಳೆಯ ಮನುಷ್ಯ. ಊಟದ ಹೊತ್ತಿಗೆ ಬಂದವರನ್ನೂ ಕೂರಿಸಿ ಮಾತಾಡುತ್ತಿದ್ದ.

"ಸ್ಕೀಮ್ ಇದೆ ಸಾರ್. ಜನ ಮೂರನೇ ಒಂದು ಪಾಲು ಹಾಕಿದ್ರೆ ಮಿಕ್ಕಿದ್ದು ಸರ್ಕಾರದ್ದು. ನಿಮ್ಮ ಪಾಲು ಎರಡು ಲಕ್ಷ ಆಗ್ತದೆ. ಇನ್ನೊಂದು, ಚರಂಡಿ ಶ್ಯಾಮಣ್ಣನ ಕೊಟ್ಟಿಗೆ ಪಕ್ಕದ ಜಾಗದಲ್ಲೇ ಹೋಗ್ಬೇಕು. ಅವರು ಎರಡಡಿ ಬಿಟ್ಟುಕೊಡ್ಬೇಕು."

"ಅಷ್ಟೇನಾ?" ಎಂದ ಗೋಪಿನಾಥ್.

"ಅಷ್ಟೇ," ಎಂದು ಅರುಣ್‌ಕುಮಾರ್ ಅವನನ್ನು ಕರುಣೆಯಿಂದ ನೋಡಿ, ಮಜ್ಜಿಗೆ ಅನ್ನಕ್ಕೆ ಕೈ ಹಾಕಿದ.

ಮುಂದಿನ ಭಾನುವಾರ ಎರಡು ಬೀದಿಗಳು ಸೇರುವ ಕಟ್ಟೆಯ ಬಳಿ ಗೋಪಿನಾಥ್ ಸಭೆ ಕರೆದ. ಕಟ್ಟೆಯ ಮೇಲೆ ಒಂದು ದೊಡ್ಡ ಅರಳಿ ಮರ, ಅದಕ್ಕೆ ಒತ್ತಿಕೊಂಡು ಒಂದು ಎಳೇ ಬೇವಿನ ಮರ. ಅವನು ಅರಳಿಗೆ ಬಿಳಿ ಪಂಚೆ ಕಟ್ಟಿ, ಕಂಪನಿಯಿಂದ ತಂದ ಪ್ರೊಜೆಕ್ಟರ್ ಹಚ್ಚಿ, ತೊಂದರೆಯ ಮೂಲ ಹುಡುಕಲು ಕಾರ್ಖಾನೆಯಲ್ಲಿ ಮಾಡುವಂತೆ ಐದು ಸಲ 'ಯಾಕೆ' ಎಂದು ಕೇಳುವ ವಿಧಾನವನ್ನು ವಿವರಿಸಿದ.

"ನೀರು ಯಾಕೆ ನಿಲ್ಲುತ್ತೆ?"

"ಹೋಗಾಕೆ ದಾರಿ ಇಲ್ಲ, ಅದಕ್ಕೆ," ಎಂದ ಶ್ಯಾಮಣ್ಣ. ಗುಲಾಬಿ ತೋಟ, ಎಂಟು ಹಸು ಮತ್ತು ಒಂದು ಟ್ರಾಕ್ಟರಿನ ಒಡೆಯನಾದ ಅವನು ಮೇಲ್ಬೀದಿಯ ಪರವಾಗಿ ಮಾತಾಡುವ ಏಕೈಕ ಬಾಯಿ.

"ದಾರಿ ಯಾಕೆ ಇಲ್ಲ?"

"ನೀವು ಬಂದು ಮನೆ ಕಟ್ಕೊಂಡ್ರಿ, ಅದಕ್ಕೆ."

"ನಾವು ಯಾಕೆ ಕಟ್ಟಿದ್ವಿ?"

"ಅದನ್ನ ನೀನೇ ಯೋಳ್ಬೇಕು ಕಣಪ್ಪ! ನೀರು ಇಳಿಜಾರಿಗೆ ಅರೀತದೆ. ಅದಕ್ಕೂ ನಾನೇ ಜವಾಬ್ದಾರಿನಾ? ಹಂಗಾರೆ ಸೂರ್ಯ ಮುಳುಗೋದಕ್ಕೂ ನನ್ನ ಮೇಲೇ ಕೇಸ್ ಹಾಕ್ಬುಡು."

ಮೇಲ್ಬೀದಿ ನಕ್ಕಿತು. ನಾಲ್ಕನೆಯ ಯಾಕೆಗೆ ಹೋಗುವಷ್ಟರಲ್ಲಿ ಕರೆಂಟೂ ಹೋಯಿತು. ಕೆಳಬೀದಿಯವರು ವಾಟ್ಸಾಪ್ ಗುಂಪೊಂದನ್ನು ಮಾಡಿ ಚಂದಾ ಕೇಳಿದರು. ಗುಂಪು ತುಂಬ ಕೈಮುಗಿಯುವ ಚಿತ್ರಗಳು ಬಂದವು. ಕೈಮುಗಿದ ಕೈ ಜೇಬಿಗೆ ಹೋಗುವುದು ಅಂಗರಚನೆಯ ದೃಷ್ಟಿಯಿಂದ ಕಷ್ಟವೇ.

"ನಿನಗೆ ಬುದ್ಧಿ ಐತಾ?" ಎಂದು ರುಕ್ಮಿಣಮ್ಮ ಎಲೆಯಡಿಕೆ ಮೆಲ್ಲುತ್ತ ಗೋಪಿನಾಥನನ್ನು ಕೇಳಿದಳು. "ಚರಂಡಿಗೆ ಅಂದ್ರೆ ಯಾವನ್ಲಾ ಬಿಚ್ತಾನೆ? ಮುಯ್ಯಿ ಅನ್ನು. ಮೈಕ್ನಾಗೆ ಹೆಸರು ಕೂಗ್ಸು. ಆಗ ನೋಡು."

ಮುಯ್ಯಿ ಎಂದರೆ ಮದುವೆಮನೆಯಲ್ಲಿ ನೆಂಟರು ಹೆಸರು ಕೂಗಿಸಿ ಕೊಡುವ ಹಣ. ಕೊಟ್ಟವರ ಮನೆಯ ಮದುವೆಯಲ್ಲಿ ಅದಕ್ಕೆ ಸ್ವಲ್ಪ ಸೇರಿಸಿ ತಿರುಗಿ ಕೊಡಬೇಕು. ಆಸ್ಪತ್ರೆಗೆ ನೂರು ರೂಪಾಯಿ ಬಿಚ್ಚದವನೂ, ಷಡ್ಡಕ ಐನೂರು ಕೂಗಿಸಿದ ಎಂದರೆ ಸಾವಿರ ಕೂಗಿಸುತ್ತಾನೆ.

"ಆದರೆ ಯಾರ ಮದುವೆ?"

ರುಕ್ಮಿಣಮ್ಮ ಎಲೆಯಡಿಕೆಯನ್ನು ಒಂದು ಕಡೆಗೆ ಉಗಿದು ಕಟ್ಟೆಯತ್ತ ಬೆರಳು ತೋರಿಸಿದಳು. "ಅರಳಿ ಗಂಡು, ಬೇವು ಹೆಣ್ಣು. ಹೊಲ ಮಾರಿದ ವರ್ಷ ನಾನೇ ನೆಟ್ಟ ಬೇವು. ಹನ್ನೆರಡು ವರ್ಷದಿಂದ ಹಂಗೇ ನಿಂತವೆ, ಮದುವೆ ಇಲ್ಲದೆ. ನೋಡೋರು ಏನಂದಾರು?"

ಅರಳಿಗೂ ಬೇವಿಗೂ ಮದುವೆ ಮಾಡುವುದು ಆ ಸೀಮೆಗೆ ಹೊಸದಲ್ಲ. ಆದರೆ ಗಂಡಿನ ಕಡೆ ಯಾರು, ಹೆಣ್ಣಿನ ಕಡೆ ಯಾರು ಎಂದು ಜಗಳ ಬಿತ್ತು. ಗೋಪಿನಾಥ್ ತನ್ನ ಟೇಪು ತಂದು ಅಳೆದ. ಅರಳಿಯ ಬುಡ ಮೇಲ್ಬೀದಿಗೆ ಹತ್ತಿರ, ಬೇವಿನ ಬುಡ ಕೆಳಬೀದಿಗೆ ಹತ್ತಿರ. ವಿಜ್ಞಾನದ ತೀರ್ಪಿಗೆ ಎರಡು ಬೀದಿಗಳೂ ತಲೆಬಾಗಿದವು. ಗಂಡಿನ ತಂದೆ ಶ್ಯಾಮಣ್ಣನಾದ. ಅಳೆದವನೇ ಹೆಣ್ಣಿನ ತಂದೆ ಎಂದು ರುಕ್ಮಿಣಮ್ಮ ಸಾರಿದಳು.

ಗೋಪಿನಾಥನಿಗೆ ಇದು ದೊಡ್ಡ ಗೌರವವೆನಿಸಿತು. ಊಟದ ಖರ್ಚು ಹೆಣ್ಣಿನ ತಂದೆಯದು ಎಂದು ತಿಳಿಯುವವರೆಗೆ ಹಾಗೇ ಅನ್ನಿಸುತ್ತಿತ್ತು.

"ಇರೋದು ಇಬ್ಬರು ಗಂಡು ಮಕ್ಕಳು, ಈ ತಾಪತ್ರಯ ಇಲ್ಲ ಅಂತ ನೆಮ್ಮದಿಯಾಗಿದ್ದೆ," ಎಂದಳು ಮಾಲಿನಿ. "ಈಗ ಮರ ಸಾಕೋ ಭಾಗ್ಯ."

ಶ್ಯಾಮಣ್ಣನಂತೂ ಒಂದೇ ರಾತ್ರಿಯಲ್ಲಿ ಗಂಡಿನ ತಂದೆಯ ಎಲ್ಲ ಲಕ್ಷಣಗಳನ್ನೂ ಬೆಳೆಸಿಕೊಂಡ. ಕಟ್ಟೆಯ ಬಳಿ ಹೋಗುವಾಗಲೆಲ್ಲ ಮೀಸೆ ತಿರುವುತ್ತಿದ್ದ. "ನಮ್ ಹುಡುಗಂಗೆ ರೇಷ್ಮೆ ಪಂಚೇನೇ ಆಗ್ಬೇಕು. ಊಟಕ್ಕೆ ಒಬ್ಬಟ್ಟು ಇರ್ಬೇಕು. ಜೂಜುವಾಡಿಯಿಂದ ನಮ್ ಬೀಗರು ಬತ್ತಾರೆ, ಮಾನ ಕಳೀಬ್ಯಾಡ್ರಪ್ಪ," ಎಂದು ಹೇಳಿ ಕಳುಹಿಸಿದ. ಕೊಟ್ಟಿಗೆ ಪಕ್ಕದ ಎರಡಡಿ ಜಾಗದ ಮಾತು ಎತ್ತಿದರೆ ಮಾತ್ರ, "ಮದುವೆ ಮಾತಾಡುವಾಗ ಮೋರಿ ಮಾತು ಎತ್ತಬಾರ್ದು, ಅಪಶಕುನ," ಎನ್ನುತ್ತಿದ್ದ.

ಮೈಕು ಹಚ್ಚಲು ಪೊಲೀಸರ ಅನುಮತಿ ಬೇಕಿತ್ತು. ಗೋಪಿನಾಥ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಠಾಣೆಗೆ ಹೋದ. ತಮಿಳುನಾಡಿನ ಠಾಣೆ; ತನ್ನ ತಮಿಳಿನ ಬಗ್ಗೆ ಅವನಿಗೆ ಅಪಾರ ಹೆಮ್ಮೆ. ಅದಕ್ಕಿಂತ ಹೆಚ್ಚಿನ ಹೆಮ್ಮೆ ಅವನ ಆಡಿಟ್ ಶಿಸ್ತಿನ ಬಗ್ಗೆ. ಕಾರ್ಖಾನೆಗೆ ತಪಾಸಣೆಯವರು ಬಂದಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಸತ್ಯವನ್ನೇ ಹೇಳಬೇಕು, ಆದರೆ ಕೇಳದಿರುವ ಒಂದು ಪದವೂ ಬಾಯಿಂದ ಬರಬಾರದು. ಇದು ವರ್ಷಗಳಿಂದ ಅವನು ಹೊಸಬರಿಗೆ ಬೋಧಿಸುತ್ತಿದ್ದ ಧರ್ಮ. ಸಬ್ ಇನ್‌ಸ್ಪೆಕ್ಟರ್ ಚಂದ್ರಲೇಖಾ ಪೆನ್ನು ಹಿಡಿದ ಕೂಡಲೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಯಾರ ಮದುವೆ?"

"ಕೆಳಬೀದಿ ಹುಡುಗಿ, ಮೇಲ್ಬೀದಿ ಹುಡುಗ, ಮೇಡಂ."

"ಹುಡುಗಿಗೆ ವಯಸ್ಸೆಷ್ಟು?"

"ಹನ್ನೆರಡು."

ಪೆನ್ನು ನಿಂತಿತು. ಚಂದ್ರಲೇಖಾ ತಲೆಯೆತ್ತಿ ಅವನನ್ನು ನೋಡಿದಳು. "ಹುಡುಗನಿಗೆ?"

"ದಾಖಲೆ ಇಲ್ಲ ಮೇಡಂ. ಐವತ್ತಕ್ಕೆ ಕಡಿಮೆ ಇಲ್ಲ."

"ಹುಡುಗಿಯ ತಂದೆ ಯಾರು?"

"ಸದ್ಯಕ್ಕೆ ನಾನೇ."

"ಸದ್ಯಕ್ಕೆ?"

"ಮೊದಲು ಯಾರೂ ಇರಲಿಲ್ಲ. ಸಭೆಯಲ್ಲಿ ತೀರ್ಮಾನ ಆಯ್ತು."

"ಹುಡುಗಿ ಒಪ್ಪಿದ್ದಾಳಾ?"

ಗೋಪಿನಾಥ್ ಪ್ರಾಮಾಣಿಕವಾಗಿ ಯೋಚಿಸಿದ. "ಅವಳನ್ನ ಯಾರೂ ಕೇಳಿಲ್ಲ ಮೇಡಂ."

"ಶಾಲೆಗೆ ಹೋಗ್ತಾಳಾ?"

"ಇಲ್ಲ. ಕಟ್ಟೆ ಬಿಟ್ಟು ಕದಲಿದ್ದೇ ಇಲ್ಲ."

ಚಂದ್ರಲೇಖಾಳ ದನಿ ತುಂಬ ಮೆತ್ತಗಾಯಿತು. ಅನುಭವಿಗಳಿಗೆ ಆ ದನಿಯ ಅರ್ಥ ಗೊತ್ತಾಗುತ್ತಿತ್ತು. "ಈ ಮದುವೆ ಯಾಕೆ ಮಾಡ್ತಿದೀರಿ?"

"ದುಡ್ಡಿಗೆ ಮೇಡಂ," ಎಂದ ಗೋಪಿನಾಥ್. "ಚರಂಡಿ ಕಟ್ಟಿಸ್ಬೇಕು."

ಆಕೆ ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ಮುಗುಳ್ನಕ್ಕು, "ಮೈಕು ಹಾಕ್ಕೊಳ್ಳಿ. ಮುಹೂರ್ತ ಎಷ್ಟೊತ್ತಿಗೆ? ಎಲ್ಲರೂ ಇರ್ತೀರಲ್ಲ? ನಾನೇ ಬರ್ತೀನಿ," ಎಂದಳು.

ಗೋಪಿನಾಥ್ ಗಾಳಿಯಲ್ಲಿ ತೇಲುತ್ತ ಮನೆಗೆ ಬಂದ. "ಒಂದೇ ಒಂದು ಆಕ್ಷೇಪಣೆ ಇಲ್ಲ ಕಣೇ! ಸ್ವತಃ ಎಸ್‌ಐ ಮದುವೆಗೆ ಬರ್ತಾರಂತೆ. ಎಂಥಾ ಸರಳ ಹೆಂಗಸು!"

"ಒಬ್ಬಟ್ಟು ಇನ್ನೂ ಇಪ್ಪತ್ತು ಜಾಸ್ತಿ ಮಾಡ್ಬೇಕಾ ಹಂಗಾದ್ರೆ?" ಎಂದಳು ಮಾಲಿನಿ.

ಕಾರ್ತಿಕದ ಒಂದು ಭಾನುವಾರ ಮದುವೆ. ಹಿಂದಿನ ದಿನ ಚೆನ್ನಾಗಿ ಮಳೆ ಬಿದ್ದು ಕೆಳಬೀದಿಯ ತಿರುವು ಕೆರೆಯಾಗಿತ್ತು. ಆದರೂ ಜನ ಬಂದರು. ಬೇವಿಗೆ ಹಳದಿ ಸೀರೆ, ಕೊಂಬೆಗೆ ಹಸಿರು ಬಳೆ, ನೆತ್ತಿಗೆ ಮಲ್ಲಿಗೆ ದಂಡೆ. ಅರಳಿಗೆ ರೇಷ್ಮೆ ಪಂಚೆ, ಶಲ್ಯ, ಶ್ಯಾಮಣ್ಣನ ಒತ್ತಾಯಕ್ಕೆ ಒಂದು ಕೈಗಡಿಯಾರ. ಮೈಕ್ ಸೆಟ್ಟಿನ ವಾಸು ಗಂಟಲು ಸರಿಮಾಡಿಕೊಂಡು, "ಹಲೋ, ಮೈಕ್ ಟೆಸ್ಟಿಂಗ್" ಎಂದು ಅರ್ಧ ಗಂಟೆ ಮೈಕನ್ನು ಪರೀಕ್ಷಿಸಿದ. ಎಂಜಿನಿಯರ್ ಅರುಣ್‌ಕುಮಾರ್ ಕೂಡ ಬಂದಿದ್ದ. ಊಟಕ್ಕಷ್ಟೇ ಬಂದೆ ಎಂದು ಮೊದಲೇ ಹೇಳಿ ಪಂಕ್ತಿಯ ತುದಿಯ ಕುರ್ಚಿ ಹಿಡಿದಿದ್ದ.

ತಾಳಿ ಕಟ್ಟಲು ಇನ್ನೇನು ಕಾಲು ಗಂಟೆ ಇದೆ ಎನ್ನುವಾಗ ಎರಡು ಜೀಪುಗಳು ಬಂದವು. ಮದುವೆಯವರು ತಪ್ಪಿಸಿಕೊಳ್ಳಬಾರದೆಂದು ಹಿಂದಿನ ದಾರಿಯಿಂದ, ಅಂದರೆ ಕೆಳಬೀದಿಯಿಂದ, ಜೋರಾಗಿ ನುಗ್ಗಿದವು. ಮೊದಲ ಜೀಪು ತಿರುವಿನ ನೀರಿಗೆ ಇಳಿದು, ಒಮ್ಮೆ ಗುರ್ರೆಂದು, ಬಲಗಡೆಗೆ ವಾಲಿ ನಿಂತೇಬಿಟ್ಟಿತು. ಎರಡನೆಯದು ಅದರ ಬೆನ್ನಿಗೆ ಮುತ್ತಿಟ್ಟು ನಿಂತಿತು.

ಚಂದ್ರಲೇಖಾ ಬಾಗಿಲು ತೆಗೆದು ಕಾಲಿಟ್ಟಳು. ಕಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಎತ್ತಿದಾಗ ಬೂಟು ಅದರ ಜೊತೆ ಬರಲಿಲ್ಲ. ಒಂದು ಬೂಟಿನಲ್ಲಿ, ಕೊಚ್ಚೆ ತೊಟ್ಟಿಕ್ಕುವ ಖಾಕಿಯಲ್ಲಿ, ಆಕೆ ಕಟ್ಟೆಯತ್ತ ಬಂದಳು. ಹಿಂದೆ ಮಕ್ಕಳ ರಕ್ಷಣೆಯ ಇಬ್ಬರು ಅಧಿಕಾರಿಗಳು ಪ್ಯಾಂಟು ಎತ್ತಿಕೊಂಡು ಕೊಕ್ಕರೆಗಳಂತೆ ಬಂದರು.

"ನಿಲ್ಲಿಸಿ ಮದುವೆ!"

ನಾದಸ್ವರ ಅರ್ಧ ರಾಗದಲ್ಲಿ ಉಸಿರು ಬಿಟ್ಟಿತು. ವಾಸು ಮೈಕನ್ನು ಆರಿಸಲು ಮರೆತ. ಆದ್ದರಿಂದ ಮುಂದಿನ ಮಾತೆಲ್ಲ ಎರಡು ಬೀದಿಗೂ, ಆಚೆಯ ಗುಲಾಬಿ ತೋಟಗಳಿಗೂ ಸ್ಪಷ್ಟವಾಗಿ ಕೇಳಿಸಿತು.

"ಹುಡುಗಿ ಎಲ್ಲಿ?"

ಇಡೀ ಸಭೆ ಬೇವಿನ ಮರದ ಕಡೆ ಕೈ ತೋರಿಸಿತು. ಚಂದ್ರಲೇಖಾ ಮರವನ್ನು ಸುತ್ತಿ ಅದರ ಹಿಂದೆ ನೋಡಿದಳು. ಒಬ್ಬ ಅಧಿಕಾರಿ ಸೀರೆಯ ಸೆರಗನ್ನು ಸ್ವಲ್ಪ ಸರಿಸಿ ಇಣುಕಿದ.

"ಏಯ್, ಸೆರಗು ಬಿಡಪ್ಪೋ! ಮದುವಣಗಿತ್ತಿ ಅವ್ಳು!" ಎಂದು ರುಕ್ಮಿಣಮ್ಮ ಗದರಿದಳು.

"ಎಲ್ಲಿ ಬಚ್ಚಿಟ್ಟಿದೀರಿ ಆ ಮಗೂನ?"

"ಬಚ್ಚಿಡಾದೇನು ತಾಯಿ? ಇಪ್ಪತ್ತಡಿ ಎತ್ತರ ಅವ್ಳೆ!"

ಚಂದ್ರಲೇಖಾ ಗೋಪಿನಾಥನತ್ತ ತಿರುಗಿದಳು. "ನೀವು ಹನ್ನೆರಡು ವರ್ಷ ಅಂದ್ರಲ್ಲ!"

"ಹೌದು ಮೇಡಂ. ನೆಟ್ಟು ಹನ್ನೆರಡು ವರ್ಷ," ಎಂದ ಗೋಪಿನಾಥ್ ಬಿಳುಚಿಕೊಂಡು. "ಸುತ್ತಳತೆ ಕೂಡ ಇದೆ. ಬೇಕಾ?"

"ಮರ ಅಂತ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಮೇಡಂ."

ಆ ಉತ್ತರ ಧ್ವನಿವರ್ಧಕದಲ್ಲಿ ದಿಬ್ಬ ಹತ್ತಿ ಇಳಿಯಿತು. ಮಾಲಿನಿ ಕಣ್ಣು ಮುಚ್ಚಿಕೊಂಡಳು. ಗಂಡನನ್ನು ಜೀಪಿಗೆ ಹತ್ತಿಸಿದರೆ ಅಟ್ಟಿಬೆಲೆಯ ಮನೆಯ ಬಾಡಿಗೆ ಯಾರು ಕಟ್ಟುವುದು ಎಂಬ ಲೆಕ್ಕ ಆಕೆಯ ಮನಸ್ಸಿನಲ್ಲಿ ಹಾದುಹೋಗಿದ್ದರೆ ತಪ್ಪೇನಿಲ್ಲ. ಶ್ಯಾಮಣ್ಣ ಮಾತ್ರ ಗಂಡಿನ ತಂದೆಯ ಗತ್ತಿನಲ್ಲಿ ಮುಂದೆ ಬಂದು, "ನಮ್ ಹುಡುಗನ್ನ ಅರೆಸ್ಟ್ ಮಾಡಾಂಗಿದ್ರೆ ಮಾಡ್ಕಳಿ ತಾಯಿ. ಓಡೋಗಾ ಪೈಕಿ ಅಲ್ಲ ಅವ್ನು," ಎಂದ.

ಚಂದ್ರಲೇಖಾ ಅರಳಿ ಮರವನ್ನೂ, ಅದರ ಕೊಂಬೆಯ ಕೈಗಡಿಯಾರವನ್ನೂ ನೋಡಿದಳು. ತುಟಿ ಬಿಗಿಹಿಡಿದಳು. ಆಗಲಿಲ್ಲ. ನಗು ಒಮ್ಮೆ ಶುರುವಾದ ಮೇಲೆ ಕಟ್ಟೆಯ ಮೇಲೆ ಕೂತೇ ನಗಬೇಕಾಯಿತು. ಅಧಿಕಾರಿಗಳು ನಕ್ಕರು, ನಾದಸ್ವರದವನು ನಕ್ಕ. "ನೋಡ್ರೀ," ಎಂದಳು ಕಣ್ಣೊರೆಸಿಕೊಂಡು, "ನಿಜವಾದ ಹುಡುಗಿ ಆಗಿದ್ರೆ ಇವತ್ತು ಇಲ್ಲಿರೋ ಒಬ್ಬರೂ ಮನೇಲಿ ಊಟ ಮಾಡ್ತಿರಲಿಲ್ಲ. ಇಂಥ ಸುದ್ದಿ ಬಂದ್ರೆ ಮುಂದೆಯೂ ಬರ್ತೀನಿ, ನೆನಪಿಟ್ಟುಕೊಳ್ಳಿ." ಆಮೇಲೆ ತನ್ನ ಬರಿಗಾಲನ್ನು ನೋಡಿ ಮುಖ ಗಂಟಿಕ್ಕಿದಳು. "ಅದಿರಲಿ. ನನ್ನ ಬೂಟು ನುಂಗಿದ ಈ ಕೊಚ್ಚೆ ನೀರು ಯಾರದು?"

"ಗಂಡಿನ ಕಡೇದು!" ಎಂದು ಕೆಳಬೀದಿ ಒಂದೇ ಕಂಠದಲ್ಲಿ ಕೂಗಿತು.

ರುಕ್ಮಿಣಮ್ಮ ಇಂಥ ಗಳಿಗೆಗಾಗಿಯೇ ಎಪ್ಪತ್ತು ವರ್ಷ ಬದುಕಿದ್ದವಳಂತೆ ಎದ್ದು ನಿಂತಳು. ತಾಳಿಯಿದ್ದ ತಟ್ಟೆಯನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡಳು.

"ಕೇಳ್ರಪ್ಪೋ ನೆಂಟ್ರೇ! ಹೆಣ್ ಕೊಡೋ ಮನೆ ಬಾಗ್ಲಿಗೆ ಕೊಚ್ಚೆ ಬಿಡೋ ಬೀಗ್ರನ್ನ ಎಲ್ಲಾದ್ರೂ ಕಂಡಿದೀರಾ? ನಮ್ ಹುಡುಗಿ ಬುಡದಾಗೆ ಸಗಣಿ ನೀರು ನಿಂತದೆ, ನಾವು ತಾಳಿ ಕಟ್ಸಾದಾ? ಶ್ಯಾಮಣ್ಣ ಮಾತು ಕೊಡೋವರ್ಗೂ ಈ ತಟ್ಟೆ ಬಿಚ್ಚಾಕಿಲ್ಲ."

"ಅಯ್ಯೋ, ಮುಹೂರ್ತ ಮೀರ್ತದೆ ಅಮ್ಮೋ!" ಎಂದ ವಾಸು, ಮೈಕಿನಲ್ಲೇ.

"ಮೀರ್ಲಿ. ಗಂಡು ಹಂಗೇ ಮನೆಗೋಗ್ಲಿ."

ಗಂಡು ಹೋಗುವ ಸ್ಥಿತಿಯಲ್ಲಿರಲಿಲ್ಲ. ಶ್ಯಾಮಣ್ಣ ಸುತ್ತ ನೋಡಿದ. ಉದ್ದನಪಲ್ಲಿಯ ನೆಂಟರು ಅವನನ್ನೇ ನೋಡುತ್ತಿದ್ದರು. ಜೂಜುವಾಡಿಯ ಬೀಗರು, ಅಂದರೆ ಅವನ ನಿಜವಾದ ಮಗಳ ಅತ್ತೆ ಮಾವ, ಕತ್ತು ಮುಂದಕ್ಕೆ ಚಾಚಿ ನೋಡುತ್ತಿದ್ದರು. ಹಸುವಿನ ನೀರಿನ ವಿಚಾರದಲ್ಲಿ ಅವನನ್ನು ಎದುರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಆದರೆ ಚಪ್ಪರದ ಕೆಳಗೆ, ಮೈಕು ಹಚ್ಚಿರುವಾಗ, 'ಗಂಡಿನ ಕಡೆಯವರು ಮರ್ಯಾದೆ ಕೆಟ್ಟವರು' ಎನ್ನಿಸಿಕೊಳ್ಳಲು ಅವನ ಮೀಸೆ ಒಪ್ಪಲಿಲ್ಲ.

"ಯಾವನ್ಲಾ ಅವ್ನು ನಮ್ಮನ್ನ ಅಂಥೋರು ಅನ್ನೋನು?" ಎಂದು ಗುಡುಗಿದ. "ಎಂಜಿನಿಯರಪ್ಪಾ, ಎಲ್ಲಿದೀಯಾ? ಎದ್ದು ಬಾ! ಎರಡಡಿ ಕೇಳಿದ್ಯಲ್ಲ? ಮೂರಡಿ ತಗೋ! ಸೊಸೆಗೆ ಅಂತ ಬುಟ್ಟೆ! ವಾಸು, ಕೂಗ್ಲಾ: ಗಂಡಿನ ತಂದೆ ಶ್ಯಾಮಣ್ಣ, ಮುಯ್ಯಿ ಇಪ್ಪತ್ತೈದು ಸಾವಿರದ ಒಂದು!"

ಅರುಣ್‌ಕುಮಾರ್ ಬಾಯಲ್ಲಿದ್ದ ಒಬ್ಬಟ್ಟು ನುಂಗಿ ಎದ್ದು ಬಂದು, ಎಲ್ಲರೆದುರು ಶ್ಯಾಮಣ್ಣನ ಸಹಿ ಹಾಕಿಸಿಕೊಂಡ. ರುಕ್ಮಿಣಮ್ಮ ಸೆರಗು ತೆಗೆದಳು. ನಾದಸ್ವರ ಬಿಟ್ಟಲ್ಲಿಂದಲೇ ರಾಗ ಎತ್ತಿಕೊಂಡಿತು. ಹಿರಿಯರು ತಾಳಿ ಕಟ್ಟಿದರು.

ಆಮೇಲೆ ನಡೆದದ್ದು ಯುದ್ಧ. ಶ್ಯಾಮಣ್ಣನ ತಮ್ಮ ಹತ್ತು ಸಾವಿರ ಕೂಗಿಸಿದ. ಅವನ ಷಡ್ಡಕ ಹನ್ನೊಂದು ಕೂಗಿಸಿದ. ಜೂಜುವಾಡಿಯ ಬೀಗರು ಯಾರಿಗೂ ಹೇಳದೆ ಹೊರಗೆ ಹೋಗಿ, ಎಟಿಎಂ ಹುಡುಕಿ ಬಂದು, ಹದಿನೈದು ಕೂಗಿಸಿದರು. ಹೆಣ್ಣಿನ ಕಡೆಯವರು ಸುಮ್ಮನಿರಲಿಲ್ಲ. ಕೈಮುಗಿಯುವ ಚಿತ್ರ ಕಳಿಸಿದ್ದವರೆಲ್ಲ ಈಗ ಫೋನ್ ಎತ್ತಿ ಸ್ಕ್ಯಾನ್ ಮಾಡಿ, "ವಾಸು, ಇನಿಷಿಯಲ್ ಸೇರಿಸಿ ಕೂಗು" ಎಂದು ನುಗ್ಗಿದರು. ಕಡೆಗೆ ಚಂದ್ರಲೇಖಾ ಒಂದು ಬೂಟಿನಲ್ಲಿ ಬಂದು ಐನೂರ ಒಂದು ಕೊಟ್ಟಳು.

"ಹುಡುಗಿಯನ್ನು ಕಾಪಾಡಲು ಬಂದ ಎಸ್‌ಐ ಚಂದ್ರಲೇಖಾ ಮೇಡಂ, ಹೆಣ್ಣಿನ ಕಡೆಗೆ, ಐನೂರ ಒಂದು!" ಎಂದು ವಾಸು ಕೂಗಿದ. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಶ್ಯಾಮಣ್ಣ ತನ್ನ ಟ್ರಾಕ್ಟರ್ ತಂದು ಎರಡೂ ಜೀಪುಗಳನ್ನು ಎಳೆದುಕೊಟ್ಟ. ಬೂಟು ಸಿಗಲಿಲ್ಲ.

ಜನರ ಪಾಲು ಕಟ್ಟಿ, ಊಟದ ಖರ್ಚು ಕಳೆದೂ ಸ್ವಲ್ಪ ಉಳಿಯಿತು. ಗೋಪಿನಾಥನ ಆನಂದಕ್ಕೆ ಒಂದೇ ಒಂದು ಮುಳ್ಳು ಬಾಕಿ ಇತ್ತು: ಮುಯ್ಯಿ ಎಂದ ಮೇಲೆ ತಿರುಗಿ ಕೊಡಬೇಕು. ಚಳಿಗಾಲ ಮುಗಿಯುವಷ್ಟರಲ್ಲಿ ಅಕ್ಕಪಕ್ಕದ ಬಡಾವಣೆಗಳಲ್ಲಿ ಮದುವೆಯಾಗದ ಅರಳಿ ಬೇವುಗಳು ಒಂದೊಂದಾಗಿ ಬೆಳಕಿಗೆ ಬಂದವು. ಒಂದು ಕಡೆ ಬೀದಿ ದೀಪಕ್ಕೆ, ಇನ್ನೊಂದು ಕಡೆ ಕುಡಿಯುವ ನೀರಿನ ಪೈಪಿಗೆ. ಎಲ್ಲ ಕಡೆಯಿಂದಲೂ ಬುಲಾವು, ಎಲ್ಲ ಕಡೆಗೂ ಗೋಪಿನಾಥ್ ಹಾಜರು. ಮೈಕಿನ ಅನುಮತಿಗೆ ಯಾರಾದರೂ ಠಾಣೆಗೆ ಹೋದರೆ ಚಂದ್ರಲೇಖಾ ಪೆನ್ನು ಹಿಡಿಯುವ ಮೊದಲೇ, "ಎಷ್ಟು ಅಡಿ ಎತ್ತರ?" ಎಂದು ಕೇಳುತ್ತಿದ್ದಳು.

ಚರಂಡಿ ಏಪ್ರಿಲ್‌ನಲ್ಲಿ ಮುಗಿಯಿತು. ಮೇ ತಿಂಗಳ ಒಂದು ಸಂಜೆ ಆಕಾಶ ಕಪ್ಪಾಗಿ, ಕಲ್ಲು ಎಸೆದಂತೆ ಮಳೆ ಬಿತ್ತು. ಯಾರೂ ಮನೆಯೊಳಗೆ ಓಡಲಿಲ್ಲ. ಎರಡು ಬೀದಿಯವರೂ ಕೊಡೆ, ಗೋಣಿಚೀಲ, ಪ್ಲಾಸ್ಟಿಕ್ ಬಕೆಟ್ಟು ತಲೆಯ ಮೇಲೆ ಹಿಡಿದು ಚರಂಡಿಯ ಉದ್ದಕ್ಕೂ ಸಾಲಾಗಿ ನಿಂತರು. ಮಾಲಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಸಿಲನ್ನೇ ನೋಡುತ್ತಿದ್ದಳು. ಅರ್ಧ ಗಂಟೆ ನೋಡಿದಳು. ಹೊಸಿಲು ಒಣಗಿತ್ತು. ಆಮೇಲೆ ಫೋನ್ ತೆಗೆದು ಅಟ್ಟಿಬೆಲೆಯ ಮನೆ ಮಾಲೀಕನಿಗೆ, "ಬೇರೆಯವರಿಗೆ ಕೊಟ್ಬಿಡಿ ಸಾರ್. ನಮ್ಮ ಬೀಗರು ಇಲ್ಲೇ ಇದಾರೆ, ಬಿಟ್ಟು ಬರೋಕಾಗಲ್ಲ," ಎಂದಳು.

ಆ ಹೊತ್ತಿಗೆ ಅವಳ ಗಂಡ ಕೆಳಗಿನ ತುದಿಯಲ್ಲಿ ಮಂಡಿಯೂರಿ ಕೂತು, ಒದ್ದೆ ಫೋನಿನಲ್ಲಿ ಕಾಲ ಅಳೆಯಲು ಸಿದ್ಧನಾಗಿದ್ದ. ಮೇಲಿನ ತುದಿಯಲ್ಲಿ ಶ್ಯಾಮಣ್ಣ ಕೊಟ್ಟಿಗೆಯ ಪಕ್ಕ ನಿಂತು, ಕೈಯಲ್ಲಿದ್ದ ಕಡಲೇಕಾಯಿ ಸಿಪ್ಪೆಯನ್ನು ನೀರಿಗೆ ಹಾಕಿ, "ಬುಟ್ಟೇ ಕಣ್ರೀ ಬೀಗ್ರೇ!" ಎಂದು ಕೂಗಿದ. ಸಿಪ್ಪೆ ಸಾಲಾಗಿ ನಿಂತವರನ್ನೆಲ್ಲ ದಾಟಿಕೊಂಡು ಓಡಿತು. ದಾಟಿದಲ್ಲೆಲ್ಲ ಒಂದೊಂದು ಶಿಳ್ಳೆ ಬಿತ್ತು. ತಿರುವಿನಲ್ಲಿ ನಿಲ್ಲಲಿಲ್ಲ, ಸುತ್ತಲಿಲ್ಲ, ನೇರವಾಗಿ ಗೋಪಿನಾಥನ ಮುಂದೆ ಹಾದು ಊರಾಚೆಯ ಕೆರೆಯ ಕಡೆ ಹೋಯಿತು. ಅವನು ಗುಂಡಿ ಒತ್ತಿ, ಚರಂಡಿಯ ಉದ್ದವನ್ನು ಕಾಲದಿಂದ ಭಾಗಿಸಿ, ಎದ್ದು ನಿಂತು, ಸೇರಿದವರಿಗೆಲ್ಲ ಕೇಳುವಂತೆ ಓದಿದ.

ನೀರಿನ ವೇಗ ಸೆಕೆಂಡಿಗೆ ಎಪ್ಪತ್ತೆರಡು ಸೆಂಟಿಮೀಟರ್.